ಶಟರ್ ಇನ್ನೂರು ದಾಟಿದ ದಿನ

ನಾನು ಫೋಟೋ ತೆಗೆಯುವವಳಲ್ಲ, ತೆಗೆದ ಫೋಟೋಗಳನ್ನು ಆಲ್ಬಮ್ಮಿಗೆ ಕೂರಿಸುವವಳು. ಮಾಗಡಿಯಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಪಾಸ್‌ಪೋರ್ಟ್ ಸೈಜಿಗೆ ಬಂದವರ ಗದ್ದ ಎತ್ತಿಸಿ, ಹೆಗಲು ಇಳಿಸಿ, ನಗಬೇಡಿ ಎಂದು ಹೇಳಿ ನಗಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ನಾನು. ಯಾವ ಮದುಮಗ ಮುಹೂರ್ತದ ಹೊತ್ತಿಗೆ ಸರಿಯಾಗಿ ಆಕಳಿಸಿದ, ಯಾವ ಸೋದರಮಾವ ಎರಡು ಪಂಕ್ತಿಯಲ್ಲೂ ಊಟಕ್ಕೆ ಕೂತ, ಯಾವ ಓರಗಿತ್ತಿಯರು ಇಡೀ ಮದುವೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲ ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲ. ಅದು ನಮ್ಮ ಕಸುಬಿನ ಮರ್ಯಾದೆ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಕ್ಯಾಮೆರಾದ ಗಂಧಗಾಳಿಯೂ ಇರಲಿಲ್ಲ. ಹಳ್ಳಿಯಿಂದ ಬಂದವಳು, ಕುರಿ ಎಣಿಸುವುದು ಗೊತ್ತಿತ್ತು, ರಾಗಿ ಕೇರುವುದು ಗೊತ್ತಿತ್ತು. ಇವರು ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೆಟ್ಟುಹೋದ ಹಳೆಯ ಕ್ಯಾಮೆರಾ ಒಂದನ್ನು ಬಿಚ್ಚಿ ನನ್ನ ಮುಂದಿಟ್ಟರು.

"ನೋಡಮ್ಮಿ, ಒಳಗೆ ಎರಡು ತೆರೆ ಅವೆ. ಗುಂಡಿ ಒತ್ತಿದ್ರೆ ಮೊದಲ್ನೇದು ಸರೀತದೆ, ಬೆಳಕು ಒಳೀಕೆ ಬತ್ತದೆ. ಅದರ ಹಿಂದೇನೇ ಎರಡನೇದು ಬಂದು ಮುಚ್ಚತದೆ. ಎರಡರ ಮಧ್ಯೆ ಎಷ್ಟು ಹೊತ್ತು ಆಯ್ತೋ, ಅದೇ ಶಟರ್ ಸ್ಪೀಡು."

"ಮತ್ತೆ ಫ್ಲ್ಯಾಶ್ ಹಾಕ್ದಾಗ ಇನ್ನೂರು ದಾಟಬಾರದು ಅಂತ ಅವತ್ತು ಯಾರಿಗೋ ಹೇಳ್ತಿದ್ರಲ್ಲ, ಅದೇನು?"

ನಾನು ಕೇಳಿದ್ದು ಅವರಿಗೆ ಬಹಳ ಹಿಡಿಸಿತು. ಎದ್ದು ಬಂದು ನನ್ನ ಸೆರಗನ್ನೇ ಇಬ್ಬರ ನಡುವೆ ಅಡ್ಡ ಹಿಡಿದರು. "ಮದ್ವೇಲಿ ಗಂಡು ಹೆಣ್ಣಿನ ಮಧ್ಯೆ ತೆರೆ ಹಿಡೀತಾರಲ್ಲ. ಅದು ಪೂರ್ತಿ ಸರಿದ ಮ್ಯಾಲೆ ತಾನೇ ಜೀರಿಗೆ ಬೆಲ್ಲ ಹಾಕೋದು? ಅರ್ಧ ತೆರೆ ಇರುವಾಗಲೇ ಎರಚ್ಬುಟ್ರೆ ಏನಾಯ್ತದೆ?"

"ಅರ್ಧ ಬಟ್ಟೆ ಮ್ಯಾಲೆ ಬೀಳ್ತದೆ."

"ಅಷ್ಟೇ ಕಣಮ್ಮಿ. ಫ್ಲ್ಯಾಶೂ ಹಂಗೇ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಫ್ಲ್ಯಾಶಿನ ಬೆಳಕು ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗಿಬಿಡುತ್ತದೆ. ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನವರೆಗೆ ಶಟರ್ ಇಟ್ಟರೆ, ಎರಡೂ ತೆರೆ ಪಕ್ಕಕ್ಕೆ ಸರಿದು ಇಡೀ ಕಿಟಕಿ ತೆರೆದಿರುವ ಒಂದು ಗಳಿಗೆ ಸಿಗುತ್ತದೆ. ಫ್ಲ್ಯಾಶ್ ಆಗಲೇ ಹೊಡೆಯಬೇಕು. ಅದಕ್ಕಿಂತ ಬೇಗ ಇಟ್ಟರೆ ಮೊದಲ ತೆರೆ ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟುಬಿಡುತ್ತದೆ. ಆಗ ಬೆಳಕು ಬೀಳುವುದು ನಡುವಿನ ಸಂದಿಗೆ ಮಾತ್ರ. ಉಳಿದದ್ದು ಕಪ್ಪು. ನಮ್ಮ ಕ್ಯಾಮೆರಾದಲ್ಲಿ ಆ ಕಪ್ಪು ಪಟ್ಟಿ ಯಾವಾಗಲೂ ಫೋಟೋದ ಕೆಳಭಾಗಕ್ಕೆ ಬರುತ್ತಿತ್ತು.

ಅವರ ಹೆಮ್ಮೆ ಇದ್ದದ್ದು ಬೇಗದ ಶಟರಿನಲ್ಲಿ ಅಲ್ಲ, ನಿಧಾನದ ಶಟರಿನಲ್ಲಿ. ಮಂಟಪದ ಮುಂದೆ ನಿಂತು ಉಸಿರು ಬಿಗಿಹಿಡಿದು ಶಟರನ್ನು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ಹದಿನೈದರಲ್ಲಿ ಒಂದು ಪಾಲಿಗೆ ಇಟ್ಟು ತೆಗೆಯುತ್ತಿದ್ದರು. ಫ್ಲ್ಯಾಶ್ ಮುಖಗಳನ್ನು ನೋಡಿಕೊಳ್ಳುತ್ತಿತ್ತು, ತೆರೆದೇ ಇರುವ ಶಟರು ಹಿಂದಿನ ಸೀರಿಯಲ್ ಸೆಟ್ಟು, ದೀಪ, ಹೂವಿನ ಚಪ್ಪರದ ಬೆಳಕನ್ನೆಲ್ಲ ಒಳಕ್ಕೆ ಬಿಟ್ಟುಕೊಳ್ಳುತ್ತಿತ್ತು. "ಫೋಟೋದಾಗೆ ದೀಪ ಉರೀತಾ ಇರ್ಬೇಕು" ಎನ್ನುವುದು ಅವರ ಮಾತು. ಅಷ್ಟು ಹೊತ್ತು ಕೈ ಅಲುಗಿದರೆ ದೀಪಗಳೆಲ್ಲ ಹುಳುವಿನ ಹಾಗೆ ಎಳೆದುಕೊಂಡು ಬರುತ್ತವೆ. ಇವರದು ಅಲುಗುತ್ತಿರಲಿಲ್ಲ. ಕನಕಪುರದಿಂದಲೂ ರಾಮನಗರದಿಂದಲೂ ಇವರೇ ಬೇಕೆಂದು ಜನ ಹುಡುಕಿಕೊಂಡು ಬರುತ್ತಿದ್ದುದು ಆ ಕೈಗೆ.

ಈಗ್ಗೆ ಕೆಲವು ವರ್ಷದ ಹಿಂದೆ ಆಲ್ಬಮ್ ಮಾಡುವಾಗ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಮುಖಗಳು ಚೆನ್ನಾಗಿದ್ದವು, ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು, ಆದರೆ ಹಿಂದೆ ಏನೂ ಇಲ್ಲ. ಮಂಟಪವೆಲ್ಲ ಕತ್ತಲೆ. ಕನಕಪುರದ ಒಬ್ಬಾಕೆ ಮಗನ ಮದುವೆಯ ಆಲ್ಬಮ್ ತಿರುವಿಹಾಕಿ, "ಏನಕ್ಕ, ನಮ್ಮುಡುಗನ ಮದ್ವೆ ಕರೆಂಟು ಹೋದಾಗ ಆಯ್ತಾ? ಲೈಟಿಂಗ್ಸಿಗೇ ಅಷ್ಟೊಂದು ಸುರಿದ್ವಲ್ಲ" ಎಂದಳು. ನಾನು ಗಂಡನ ಪರ ವಹಿಸಿ ಜಗಳಕ್ಕೆ ನಿಂತೆ. ಈಗಿನ ಫ್ಯಾಷನ್ನೇ ಇದು, ಬೆಂಗಳೂರಿನಲ್ಲಿ ಎಲ್ಲರೂ ಹೀಗೇ ತೆಗೆಸುವುದು ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ.

ಅವಳು ಹೋದ ಮೇಲೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಇನ್ನೊಮ್ಮೆ ನೋಡುತ್ತಾ ಕೂತೆ. ಒಂದೊಂದನ್ನೂ ಯಾವ ಶಟರಿನಲ್ಲಿ ತೆಗೆದದ್ದು ಎಂದು ಅದರಲ್ಲಿ ಬರೆದಿರುತ್ತದೆ. ಮೂವತ್ತು, ಹದಿನೈದರಲ್ಲಿ ತೆಗೆದದ್ದು ಒಂದೂ ಇರಲಿಲ್ಲ. ಎಲ್ಲವೂ ಇನ್ನೂರು. ಹೊರಗಿನ ಬೆಳಕು ಬರುವುದಕ್ಕೇ ಬಿಡದೆ, ಬರೀ ಫ್ಲ್ಯಾಶಿನಲ್ಲಿ ತೆಗೆದಂಥವು. ಫ್ಲ್ಯಾಶಿಗೆ ಒಂದು ಗುಣವಿದೆ. ಅದು ಅಷ್ಟು ಬೇಗ ಬಂದು ಹೋಗುವುದರಿಂದ ಹಿಡಿದ ಕೈ ಅಲುಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಹಟ್ಟಿಯ ಮುಂದೆ ಸುಡು ಬಿಸಿಲಲ್ಲಿ ಅಜ್ಜಿಯೊಬ್ಬಳ ಫೋಟೋ ತೆಗೆಯುವಾಗಲೂ ಫ್ಲ್ಯಾಶ್ ಹಾಕಿದ್ದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಚಳಿಯೇ ಇಲ್ಲದ ದಿನಗಳಲ್ಲಿ.

ಅಂದು ಊಟಕ್ಕೆ ಕೂತಾಗ ಅವರ ಮುಂದೆ ತಟ್ಟೆ ಇಡಲಿಲ್ಲ. "ಕೈ ತೋರಿಸಿ" ಎಂದೆ.

"ಯಾಕಮ್ಮಿ, ತೊಳ್ದಿದೀನಿ."

"ಮುಂದಕ್ಕೆ ಚಾಚಿ."

ಚಾಚಿದರು. ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಆಡುವ ಹಾಗೆ ಬಲಗೈ ಆಡುತ್ತಿತ್ತು. ಮನುಷ್ಯ ನನ್ನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದರು, ಅದು ಪಕ್ಕದ ಮನೆಯವರದೇನೋ ಅನ್ನುವ ಹಾಗೆ. ನಾನು ಒಳಗೆ ಹೋಗಿ ಮುದ್ದೆಯ ಪಾತ್ರೆ ತಂದೆ. ಅವತ್ತು ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ನರದ ಡಾಕ್ಟರ ಹತ್ತಿರ ಹೋಗಿ ಬಂದೆವು. ಜೀವಕ್ಕೆ ಏನೂ ಆಗುವುದಿಲ್ಲ, ನಡುಕ ಪೂರ್ತಿ ಹೋಗುವುದೂ ಇಲ್ಲ, ಏನಾದರೂ ಹಿಡಿಯಲು ಹೋದಾಗಲೇ ಹೆಚ್ಚಾಗುತ್ತದೆ, ನಾಲ್ಕು ಜನ ನೋಡುತ್ತಿದ್ದಾರೆ ಅನ್ನಿಸಿದರೆ ಇನ್ನೂ ಹೆಚ್ಚಾಗುತ್ತದೆ ಎಂದರು. ಏನಾದರೂ ಹಿಡಿಯುವುದು, ನಾಲ್ಕು ಜನರ ಮುಂದೆ ಹಿಡಿಯುವುದು, ಇಷ್ಟೇ ತಾನೇ ಫೋಟೋದವನ ಬದುಕು. ಮಾತ್ರೆಯಿಂದ ಒಸಿ ಕಡಿಮೆಯಾಯಿತು, ಅಷ್ಟೆ.

ಕಾಯಿಲೆಗಿಂತ ಅವರನ್ನು ತಿಂದದ್ದು ಜನರ ಮಾತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಊರುಗಳು ನಮ್ಮವು. ಇನ್ನು ಬೆಳಗ್ಗೆ ಹೊತ್ತು ಕೈ ನಡುಗುವ ಗಂಡಸನ್ನು ನೋಡಿ ಏನಂದಾರು? ರಾಮನಗರದ ಒಂದು ಛತ್ರದಲ್ಲಿ ಅಡುಗೆಯವನು ಇವರಿಗೆ ಕೇಳಿಸುವ ಹಾಗೆಯೇ, "ಅಣ್ಣಂಗೆ ಇನ್ನೂ ಎಣ್ಣೆ ಬಿದ್ದಿಲ್ಲ ಕಣ್ಲಾ, ಅದಕ್ಕೇ ಶೇಕು" ಎಂದಿದ್ದನಂತೆ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ ಇವರು. ಹಣೆಗೆ ವಿಭೂತಿ ಇಲ್ಲದೆ ಬಾಗಿಲು ದಾಟಿದವರಲ್ಲ. ಆ ಮಾತನ್ನು ನನಗೆ ಹೇಳಿದ್ದು ಎಷ್ಟೋ ದಿನ ಆದ ಮೇಲೆ, ಅದೂ ಗೋಡೆ ಕಡೆಗೆ ತಿರುಗಿಕೊಂಡು.

ಆ ಹೊತ್ತಿಗೆ ಮಗಳಿಗೆ ಗಂಡು ಗೊತ್ತಾಯಿತು. ನಮಗಿರುವವಳು ಒಬ್ಬಳೇ. ಚನ್ನಪಟ್ಟಣದಲ್ಲಿ ಟೀಚರು. ಹುಡುಗ ಹೊಂಗನೂರಿನವನು, ರೇಷ್ಮೆ ಹುಳು ಸಾಕುವ ಮನೆ, ಅತ್ತೆಯಾಗುವಾಕೆ ನೋಡಿದರೆ ಮಾತಾಡಿಸಬೇಕು ಅನ್ನಿಸುವಂಥ ಹೆಂಗಸು. ನೋಡಲು ಬಂದ ದಿನ ಇವರು ಕೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡೇ ಮಾತಾಡಿದರು. ನಿಶ್ಚಿತಾರ್ಥದಲ್ಲಿ ತಾಂಬೂಲದ ತಟ್ಟೆ ಬದಲಾಯಿಸುವಾಗ ಸೊಂಟ ಹಿಡಿದಿದೆ ಎಂದು ನೆಪ ಹೇಳಿ ನನ್ನ ಮೈದುನನ ಕೈಗೆ ಕೊಡಿಸಿದರು. ತಟ್ಟೆ ತಾನೇ, ಯಾರು ಹಿಡಿದರೇನು ಅಂದುಕೊಂಡೆ.

ಮದುವೆ ಇನ್ನೇನು ಬಂತು ಅನ್ನುವಾಗ ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟರು. "ಧಾರೆಗೆ ತಮ್ಮನೂ ಅವನೆಂಡ್ತೀನೂ ಕೂತ್ಕಳ್ಲಿ. ನನ್ ಮಗಳ ಧಾರೆ ಫೋಟೋ ನಾನೇ ತೆಗೀಬೇಕು. ಅವಳು ಹುಟ್ಟಿದಾಗ್ಲಿಂದ ಅಂದ್ಕಂಡಿರೋದು."

ತಂದೆತಾಯಿ ಕೂರಲಾಗದಿದ್ದರೆ ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದು ಕೊಡುವುದು ನಮ್ಮಲ್ಲಿ ಇದ್ದದ್ದೇ. ಯಾರೂ ಹುಬ್ಬೇರಿಸಲಿಲ್ಲ. ಮೈದುನ ಸಂಕೋಚಪಟ್ಟ. ಓರಗಿತ್ತಿ ನನ್ನ ಕಡೆ ನೋಡಿದಳು. ಮಗಳು ಅವರಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಆಯ್ತಪ್ಪ, ನೀನೇ ತೆಗಿ" ಎಂದಳು.

ಎಲ್ಲರೂ ಹೋದ ಮೇಲೆ ನಾನು ಬಿಡಲಿಲ್ಲ. ಧಾರೆಗೆ ಕೂರುವುದು ದಂಪತಿ. ಅಪ್ಪ ಮಗಳ ಕೈ ಹಿಡಿಯಬೇಕು, ಅವ್ವ ಗಿಂಡಿಯಿಂದ ನೀರು ಬಿಡಬೇಕು. ಅವರು ಕೂರದಿದ್ದರೆ ನಾನೊಬ್ಬಳೇ ಹೋಗಿ ಕೂರುವ ಹಾಗಿಲ್ಲ. "ನಿಮ್ ಕೈ ಮಾತ್ರ ನಡುಗೋದು, ನನ್ ಕೈಗೇನಾಗೈತೆ? ನನ್ ಮಗಳಿಗೆ ನಾನು ನೀರು ಬಿಡಬಾರದಾ?" ಎಂದೆ. ಜೋರಾಗಿಯೇ ಅಂದೆ.

"ಧಾರೆ ಹೊತ್ನಾಗೆ ಇಡೀ ಛತ್ರ ನೋಡೋದು ಆ ಕೈನೇ ಕಣಮ್ಮಿ. ನಂದು ಹೆಂಗೆ ಕುಣೀತದೆ ಅಂತ ನಿಂಗೆ ಗೊತ್ತಿಲ್ವಾ? ಫೋಟೋದಾಗೆ ಫ್ಲ್ಯಾಶ್ ಮುಚ್ಚಾಕ್ತದೆ. ಎದ್ರುಗೆ ನಿಂತೋರ ಕಣ್ಣಿಗೆ ಯಾವ ಫ್ಲ್ಯಾಶ್ ಹಾಕ್ಲಿ? ಕುಡುಕನ ಮಗಳು ಅಂತ ಅವಳ್ನ ಆ ಮನೇಲಿ ಆಡ್ಕಂಡ್ರೆ?"

"ಕಾಯಿಲೆ ಅಂತ ಬೀಗರಿಗೆ ಹೇಳ್ಬುಡಣ."

"ಕಾಯಿಲೆ ಅಂದ್ರೆ ವಂಶದಾಗೆ ಐತೆ, ನಾಳೆ ಮಕ್ಕಳಿಗೂ ಬತ್ತದೆ ಅಂತಾರೆ. ಮದ್ವೆ ಆಗ್ಲಿ, ಆಮ್ಯಾಲೆ ಹೇಳಣ. ನಿನ್ ಕಾಲಿಗೆ ಬೇಕಾದ್ರೆ ಬೀಳ್ತೀನಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಮದುವೆ ಚನ್ನಪಟ್ಟಣದ ಛತ್ರದಲ್ಲಿ. ಇವರು ಮಂಟಪದ ಎರಡು ಪಕ್ಕ ಸ್ಟ್ಯಾಂಡು ನಿಲ್ಲಿಸಿ ಸ್ಟುಡಿಯೋದ ದೊಡ್ಡ ಲೈಟು ಕೂರಿಸಿದ್ದರು. ಮಗಳ ಫೋಟೋಗೆ ಸಣ್ಣ ಫ್ಲ್ಯಾಶ್ ಸಾಲದಂತೆ. ಕ್ಯಾಮೆರಾದ ತಲೆಯ ಮೇಲೆ ಅದರದ್ದೇ ಫ್ಲ್ಯಾಶ್ ಇದ್ದರೆ ಶಟರ್ ಇನ್ನೂರು ದಾಟದಂತೆ ಕ್ಯಾಮೆರಾವೇ ತಡೆಯುತ್ತದೆ. ಸ್ಟ್ಯಾಂಡಿನ ಲೈಟಿಗೆ ಸನ್ನೆ ಕೊಡುವ ನಮ್ಮ ಹಳೆಯ ಟ್ರಿಗರ್ ಸಿಕ್ಕಿಸಿದರೆ, ಫ್ಲ್ಯಾಶ್ ಇದೆ ಅನ್ನುವುದೇ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ತಡೆಯುವುದೂ ಇಲ್ಲ. ಅದು ಇವರಿಗೆ ಗೊತ್ತಿಲ್ಲದ್ದೇನಲ್ಲ. ಬೆಳಗ್ಗೆ ಇನ್ನೂರಕ್ಕೆ ಇಟ್ಟು, ಎರಡು ಸಲ ನೋಡಿಕೊಂಡು, ನನಗೂ ತೋರಿಸಿದ್ದರು.

ಮುಹೂರ್ತ ಬಂತು. ತೆರೆ ಸರಿಯಿತು. ಐನೋರು ಮಗಳ ಕೈಯನ್ನು ಹುಡುಗನ ಕೈ ಮೇಲೆ ಇರಿಸಿ ತೆಂಗಿನಕಾಯಿ ಇಟ್ಟರು. ನನ್ನ ಮೈದುನ ಕೆಳಗಿನಿಂದ ಹಿಡಿದ, ಓರಗಿತ್ತಿ ಗಿಂಡಿ ಎತ್ತಿದಳು. ಓಲಗ ಜೋರಾಯಿತು. ಇವರು ಮಂಟಪದ ಎದುರು ಮಂಡಿಯೂರಿ, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು ತೆಗೆಯುತ್ತಲೇ ಇದ್ದರು. ತೆಗೆದದ್ದು ಹೇಗೆ ಬಂದಿದೆ ಎಂದು ಕ್ಯಾಮೆರಾದ ಬೆನ್ನು ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಹೆತ್ತವರ ಜಾಗದಲ್ಲಿ ಕೂತವರ ಧಾರೆ ಆದ ಮೇಲೆ ನೆಂಟರಿಷ್ಟರು ಸಾಲಾಗಿ ಬಂದು ಒಂದೊಂದು ಉದ್ಧರಣೆ ಹಾಲು ಬಿಡುವುದು ಪದ್ಧತಿ. ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಮ್ಮ ಸ್ಟುಡಿಯೋದ ಪಕ್ಕದ ಟೈಲರ್ ಹೆಂಡತಿ, ಹಿಂದೆ ಯಾರೋ ಬೀಗರ ಕಡೆಯವರು. ಸರದಿ ಬಂದಾಗ ಒಂದು ಉದ್ಧರಣೆ ಹಾಲು ಬಿಟ್ಟೆ. ಮಗಳು ತಲೆಯೆತ್ತಿ ನನ್ನನ್ನು ನೋಡುವಷ್ಟರಲ್ಲಿ ಹಿಂದಿನವರು, "ಬ್ಯಾಗ್ನೆ ಬನ್ನಿ ತಾಯಿ" ಎಂದರು. ಸರಿದು ನಿಂತೆ. ಹೆತ್ತ ಹೊಟ್ಟೆ ಉರಿಯುತ್ತದೆ ಅನ್ನುವುದನ್ನು ಬಾಯಿಮಾತಿಗೆ ಎಷ್ಟು ಸಲ ಹೇಳಿದ್ದೆನೋ. ಅಂದು ಅದು ಹೇಗಿರುತ್ತದೆ ಎಂದು ತಿಳಿಯಿತು.

ಮಗಳನ್ನು ಕಳಿಸಿಕೊಟ್ಟು ಮನೆಗೆ ಬಂದು, ಮಾರನೆಯ ಬೆಳಗ್ಗೆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದೆ. ಅರಿಸಿನ ಶಾಸ್ತ್ರ, ಬಳೆ ತೊಡಿಸಿದ್ದು, ಮಗಳು ಹಸೆಗೆ ಬಂದದ್ದು, ಎಲ್ಲ ಚೆನ್ನಾಗಿತ್ತು. ಧಾರೆ ಬಂತು. ಮೊದಲ ಫೋಟೋ ನೋಡಿ ಏನೋ ಅಡ್ಡ ಬಂದಿದೆ ಅಂದುಕೊಂಡೆ. ಎರಡನೆಯದೂ ಹಾಗೇ. ಮೂರನೆಯದೂ. ಮುಖಗಳು ಬೆಳಗುತ್ತಿವೆ, ಎದೆಯಿಂದ ಕೆಳಗೆ ಕಪ್ಪೆಂದರೆ ಕಪ್ಪು. ಕೈ ಇಲ್ಲ, ಕಾಯಿ ಇಲ್ಲ, ನೀರಿಲ್ಲ. ಧಾರೆ ಅನ್ನುವುದೇ ಇಲ್ಲ.

ಶಟರ್ ಐನೂರಕ್ಕೆ ಹೋಗಿತ್ತು. ಕ್ಯಾಮೆರಾದ ಹಿಂಬದಿಯ ಚಕ್ರದ ಮೇಲೆ ಇರುವ ಹೆಬ್ಬೆರಳು ನಡುಗಿ ನಡುಗಿ ಅದನ್ನು ತಿರುಗಿಸಿಬಿಟ್ಟಿತ್ತು.

ಇವರನ್ನು ಕರೆದೆ. ಅಡಗಿಸಿಡುವುದು ನನ್ನಿಂದ ಆಗುತ್ತಿರಲಿಲ್ಲ. ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಒಂದೊಂದಾಗಿ ಎಲ್ಲ ನೋಡಿದರು. "ಇನ್ನೂರು ದಾಟೈತೆ" ಎಂದರು, ಬೇರೆ ಯಾವುದೋ ಸ್ಟುಡಿಯೋದ ಫೋಟೋ ಪರೀಕ್ಷೆ ಮಾಡಿದವರ ಹಾಗೆ. ಮುಂದಿನ ಕೋಣೆಗೆ ಹೋಗಿ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿಟ್ಟರು. ಅಂದಿನಿಂದ ಮುಟ್ಟಿಲ್ಲ. ಪಾಸ್‌ಪೋರ್ಟ್ ಸೈಜನ್ನು ಈಗ ನಾನೇ ತೆಗೆಯುತ್ತೇನೆ.

ನೆಂಟರ ಫೋನುಗಳಲ್ಲಿ ಧಾರೆಯ ಫೋಟೋ ಬೇಕಾದಷ್ಟಿದ್ದವು. ಒಂದರಿಂದ ಕೈಗಳನ್ನು ಕತ್ತರಿಸಿ ಆ ಕಪ್ಪಿನ ಮೇಲೆ ಕೂರಿಸಿದೆ. ಅದು ನನಗೆ ಎಡಗೈ ಕೆಲಸ. ಚೆನ್ನಾಗಿಯೇ ಕೂತಿತು. ಮೈದುನನ ಉಂಗುರ, ಓರಗಿತ್ತಿಯ ಬಳೆ. ನೋಡಿದೆ, ನೋಡಿದೆ, ಅಳಿಸಿಬಿಟ್ಟೆ.

ಮದುವೆಯಾಗಿ ಕೆಲವು ತಿಂಗಳಿಗೆ ಮಗಳು ಒಬ್ಬಳೇ ಬಂದಳು. ಮಧ್ಯಾಹ್ನ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಆಲ್ಬಮ್ ಯಾಕಮ್ಮ ಇನ್ನೂ ಆಗಿಲ್ಲ? ಅತ್ತೆ ಕೇಳ್ತಾನೇ ಇರ್ತಾರೆ" ಎಂದಳು. ಇನ್ನು ಮುಚ್ಚಿಟ್ಟು ಮಾಡುವುದೇನು ಎಂದು ತೋರಿಸಿದೆ. ಅವಳು ಆ ಕಪ್ಪನ್ನು ನೋಡಿ ತುಟಿ ಕಚ್ಚಿಕೊಂಡಳು. ಹೀಗೆ ಯಾಕಾಯಿತು ಎಂದು ಹೇಳುತ್ತಾ ಹೇಳುತ್ತಾ, ಅವರಪ್ಪ ಧಾರೆಗೆ ಯಾಕೆ ಕೂರಲಿಲ್ಲ ಅನ್ನುವುದನ್ನೂ ಹೇಳಿದೆ. ಬೀಗರ ಕಣ್ಣಿಗೆ ಕೈ ಬೀಳಬಾರದು, ನಿನ್ನ ಮೇಲೆ ಮಾತು ಬರಬಾರದು ಅಂತ ಕಣಮ್ಮ, ಎಂದೆ.

ಮಗಳು ನನ್ನ ಕಡೆ ತಿರುಗಿ, "ಅಮ್ಮ, ಅವ್ರ ಮನೇಲಿ ಎಲ್ರಿಗೂ ಗೊತ್ತು" ಎಂದಳು.

"ಏನು ಗೊತ್ತು?"

"ಅಪ್ಪನ ಕೈ ವಿಷ್ಯ. ನೋಡಕ್ಕೆ ಬಂದಿದ್ದಾಗ ನಮ್ಮಿಬ್ರನ್ನೇ ಮಾತಾಡಕ್ಕೆ ಹಿತ್ತಲಿಗೆ ಕಳಿಸಿದ್ರಲ್ಲ, ಅವತ್ತೇ ಅವ್ರಿಗೆ ಹೇಳ್ದೆ. ನಮ್ಮಪ್ಪಂಗೆ ನರದ ತೊಂದರೆ ಐತೆ, ಕುಡಿಯೋರಲ್ಲ ಅಂತ. ಅವ್ರು ಮನೇಲಿ ಹೇಳಿದಾರೆ. ನಮ್ಮತ್ತೆ ಅಪ್ಪಂಗೂ ಹಿಂಗೇ ಇತ್ತಂತೆ. ಪಾಪ, ಅದಕ್ಕೇನಂತೆ, ನಾವೇ ತುತ್ತು ಮಾಡಿ ಕೊಡ್ತಿದ್ವಿ ಅಂದ್ರಂತೆ ಅತ್ತೆ."

"ಮತ್ತೆ ನಮಗ್ಯಾಕೆ ಹೇಳ್ನಿಲ್ಲ?"

"ಅಪ್ಪ ಅದಕ್ಕೋಸ್ಕರ ಕೂತ್ಕಳ್ತಿಲ್ಲ ಅಂತ ನಂಗೇನು ಗೊತ್ತು? ಫೋಟೋ ತೆಗೆಯೋ ಆಸೆ ಅಂದ್ರು. ಕೈ ಇನ್ನೂ ಕೆಟ್ಟೋದ್ರೆ ಇದೇ ಕಡೇದು ಆಗ್ಬೋದು, ತೆಗೀಲಿ ಅಂತ ಸುಮ್ನಾದೆ." ಅವಳು ಪರದೆಯ ಆ ಕಪ್ಪಿನ ಮೇಲೆ ಬೆರಳಿಟ್ಟಳು. "ನಂಗೂ ಅಪ್ಪನೇ ಕೈ ಹಿಡೀಲಿ ಅಂತ ಇತ್ತಮ್ಮ. ನಡುಗಿದ್ರೆ ನಾನೇ ಗಟ್ಟಿಯಾಗಿ ಹಿಡ್ಕತಿದ್ದೆ."

ಇಬ್ಬರೂ ಸದ್ದು ಮಾಡದೆ ಅತ್ತೆವು. ಮುಂದಿನ ಕೋಣೆಯಲ್ಲಿ ಅವರಿದ್ದರಲ್ಲ. ಮಗಳು ಹೋಗಿ ಹೇಳಿಬಿಡುತ್ತೇನೆ ಎಂದು ಎದ್ದಳು. ನಾನೇ ಕೈ ಹಿಡಿದು ಕೂರಿಸಿದೆ. ಸ್ವಲ್ಪ ದಿನ ಹೋಗಲಿ, ನಾನೇ ಹೇಳುತ್ತೇನೆ ಎಂದೆ.

ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದು ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಬಾಯಿ ಬಿಟ್ಟರು. ಮಗಳು ಗೆಲುವಾಗಿದ್ದಾಳೆ, ಅತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ ಎಂದು ಏನೇನೋ ಹೇಳಿ, ಬೀದಿಯ ಕಡೆ ನೋಡುತ್ತಾ ಅಂದರು:

"ಫೋಟೋ ಹೋದ್ರೆ ಹೋಗ್ಲಿ ಬುಡಮ್ಮಿ. ಅವತ್ತು ನಾನು ಧಾರೆಗೆ ಕೂತ್ಕಳ್ದೆ ಇದ್ದದ್ದೇ ಒಳ್ಳೇದಾಯ್ತು. ಮಗಳ ಮರ್ವಾದೆ ಉಳೀತು."

"ಹೂಂ, ಉಳೀತು" ಎಂದೆ.